ಉಪ್ಪು ಕಾಯುವ ಹಾರ್ಮೋನು

1940ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಮೂರೂವರೆ ವರ್ಷದ ಒಬ್ಬ ಹುಡುಗನ ವೃತ್ತಾಂತ ಪ್ರಕಟವಾಯಿತು. ಒಂದು ವರ್ಷದ ಕೂಸಾಗಿದ್ದಾಗಲೇ ಅವನು ಬಿಸ್ಕತ್ತಿನ ಮೇಲಿನ ಉಪ್ಪನ್ನು ನೆಕ್ಕಿ ಬಿಸ್ಕತ್ತನ್ನು ಪಕ್ಕಕ್ಕಿಡುತ್ತಿದ್ದ. ಉಪ್ಪಿನ ಡಬ್ಬಿ ಯಾವುದೆಂದು ಗೊತ್ತಾದ ಮೇಲೆ ಅದಕ್ಕಾಗಿ ಹಟ ಹಿಡಿದು ಅಳುತ್ತಿದ್ದ, ಸಿಕ್ಕರೆ ಬರಿ ಉಪ್ಪನ್ನೇ ತಿನ್ನುತ್ತಿದ್ದ. ಅವನು ಮೊದಮೊದಲು ಕಲಿತ ಮಾತುಗಳಲ್ಲಿ ‘ಉಪ್ಪು’ ಎನ್ನುವುದೂ ಒಂದಾಗಿತ್ತು. ವಯಸ್ಸಿಗೆ ಮೀರಿದ ಮೈ ಬೆಳವಣಿಗೆ ಕಂಡು ಅವನನ್ನು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಎಲ್ಲ ಮಕ್ಕಳಿಗೂ ಕೊಡುವ ಊಟವನ್ನೇ ಅವನಿಗೂ ಕೊಟ್ಟರು. ಕೈಗೆ ಉಪ್ಪು ಸಿಗಲಿಲ್ಲ. ಒಂದು ವಾರದೊಳಗೆ ಹುಡುಗ ತೀರಿಕೊಂಡ.

ಶವಪರೀಕ್ಷೆಯಲ್ಲಿ ಅವನ ಅಡ್ರಿನಲ್ ಗ್ರಂಥಿಗಳು ಹದಗೆಟ್ಟಿದ್ದುದು ಕಂಡಿತು. ಈ ಪ್ರಕರಣವನ್ನು ಬರೆದವರು ಮಕ್ಕಳ ವೈದ್ಯ ಲಾಸನ್ ವಿಲ್ಕಿನ್ಸ್ ಮತ್ತು ಸಂಶೋಧಕ ಕರ್ಟ್ ರಿಕ್ಟರ್. ಇದಕ್ಕೆ ನಾಲ್ಕು ವರ್ಷ ಮೊದಲೇ ರಿಕ್ಟರ್ ಇಲಿಗಳ ಅಡ್ರಿನಲ್ ಗ್ರಂಥಿಗಳನ್ನು ತೆಗೆದು ನೋಡಿದ್ದರು. ಬರಿ ನೀರು ಕುಡಿದ ಇಲಿಗಳು ಸತ್ತವು. ಪಕ್ಕದಲ್ಲಿ ಉಪ್ಪುನೀರನ್ನೂ ಇಟ್ಟಾಗ ತಾವಾಗಿಯೇ ಅದನ್ನು ಹುಡುಕಿ ಕುಡಿದ ಇಲಿಗಳು ಬದುಕಿದವು. ಆ ಹುಡುಗ ಮನೆಯಲ್ಲಿದ್ದಷ್ಟು ದಿನ ಮಾಡುತ್ತಿದ್ದುದೂ ಅದನ್ನೇ. ಅವನ ದೇಹ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳಲಾರದೆ ಮೂತ್ರದಲ್ಲಿ ಹರಿಯಬಿಡುತ್ತಿತ್ತು, ಅವನು ಅದನ್ನು ಬಾಯಿಂದ ತುಂಬಿಕೊಳ್ಳುತ್ತಿದ್ದ.

ಹಾಗಾದರೆ ಆರೋಗ್ಯವಂತರ ದೇಹದಲ್ಲಿ ಸೋಡಿಯಂ ಅನ್ನು ಹಿಡಿದಿಡುವುದು ಏನು? ಅದಕ್ಕೆ ಪೂರ್ಣ ಉತ್ತರ ಸಿಗಲು ವಿಜ್ಞಾನಕ್ಕೆ ಇನ್ನೂ ಹದಿಮೂರು ವರ್ಷ ಬೇಕಾಯಿತು.

ಎರಡು ಪುಟ್ಟ ಗ್ರಂಥಿಗಳು

ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿದೆ. ಒಂದೊಂದರ ತೂಕ ನಾಲ್ಕೈದು ಗ್ರಾಂ, ಅಷ್ಟೆ. ಇವು ಎಷ್ಟು ಮುಖ್ಯ ಎಂಬುದನ್ನು ಮೊದಲು ಗುರುತಿಸಿದವರು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್. ತೀವ್ರ ನಿಶ್ಶಕ್ತಿ, ವಾಂತಿ, ಕ್ಷೀಣವಾದ ನಾಡಿ, ಕಂದುಕಪ್ಪಾಗುವ ಚರ್ಮ ಇವಿಷ್ಟು ಸೇರಿ ಬರುವ ಕಾಯಿಲೆಗೆ ಈ ಗ್ರಂಥಿಗಳು ಹಾಳಾಗುವುದೇ ಕಾರಣ ಎಂದು ಅವರು 1855ರಲ್ಲಿ ಬರೆದರು. ಅವರು ವರ್ಣಿಸಿದ ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ತಿಂದುಹಾಕಿದ್ದು ಕ್ಷಯ. ಆ ಕಾಯಿಲೆಗೆ ಇಂದಿಗೂ ‘ಅಡಿಸನ್ ಕಾಯಿಲೆ’ ಎಂದೇ ಹೆಸರು. ಭಾರತದಲ್ಲಿ ಅದಕ್ಕೆ ಮುಖ್ಯ ಕಾರಣಗಳಲ್ಲಿ ಕ್ಷಯ ಈಗಲೂ ಒಂದು.

1930ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ರಾಬರ್ಟ್ ಲೋಬ್ ಇಂಥ ರೋಗಿಗಳ ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿರುವುದನ್ನು ಕಂಡರು. ಧಾರಾಳವಾಗಿ ಉಪ್ಪು ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. ಗ್ರಂಥಿಯೊಳಗಿನ ಯಾವುದೋ ರಾಸಾಯನಿಕ ಉಪ್ಪನ್ನು ಕಾಯುತ್ತಿದೆ ಎಂಬುದು ಇದರಿಂದ ಖಚಿತವಾಯಿತು. ಅದನ್ನು ಹಿಡಿದು ತೋರಿಸುವುದು ಮಾತ್ರ ಸುಲಭವಾಗಲಿಲ್ಲ.

ಆ ಕೆಲಸ ಮಾಡಿದವರು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್. ಗ್ರಂಥಿಯ ಸಾರದ ಒಂದೊಂದು ಭಾಗವನ್ನೂ ಅಡ್ರಿನಲ್ ತೆಗೆದ ಇಲಿಗಳಿಗೆ ಚುಚ್ಚಿ, ವಿಕಿರಣಶೀಲ ಸೋಡಿಯಂ ಮತ್ತು ಪೊಟ್ಯಾಸಿಯಂ ಮೂತ್ರದಲ್ಲಿ ಎಷ್ಟೆಷ್ಟು ಹೊರಬೀಳುತ್ತವೆ ಎಂದು ಅವರು ಅಳೆದರು. ಒಂದು ಭಾಗ ಮಾತ್ರ ಆವರೆಗೆ ಗೊತ್ತಿದ್ದ ಯಾವ ಅಡ್ರಿನಲ್ ಹಾರ್ಮೋನಿಗಿಂತಲೂ ಎಷ್ಟೋ ಪಟ್ಟು ಬಲವಾಗಿ ಸೋಡಿಯಂ ಅನ್ನು ತಡೆಹಿಡಿಯಿತು. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಟಾಡಿಯಸ್ ರೈಕ್‌ಸ್ಟೈನ್ ತಂಡ ಇವರ ಜೊತೆಗೂಡಿತು. ಸುಮಾರು 500 ಕಿಲೋ ದನದ ಅಡ್ರಿನಲ್ ಗ್ರಂಥಿಗಳನ್ನು ಸಂಸ್ಕರಿಸಿ 1953ರಲ್ಲಿ ಅವರು ಪಡೆದ ಶುದ್ಧ ಹರಳು ಇಪ್ಪತ್ತು ಮಿಲಿಗ್ರಾಂಗಿಂತ ತುಸು ಹೆಚ್ಚು. ಮೊದಲು ‘ಎಲೆಕ್ಟ್ರೋಕಾರ್ಟಿನ್’ ಎಂದು ಕರೆದ ಆ ವಸ್ತುವಿನ ರಚನೆ ಗೊತ್ತಾದ ಮೇಲೆ ಅದಕ್ಕೆ ‘ಆಲ್ಡೋಸ್ಟೆರೋನ್’ ಎಂಬ ಹೆಸರಾಯಿತು. ಸಿಂಪ್ಸನ್ ಮತ್ತು ಟೇಟ್ ಮುಂದೆ ಮದುವೆಯಾದರು. 1959ರಲ್ಲಿ ರಾಯಲ್ ಸೊಸೈಟಿ ಇಬ್ಬರನ್ನೂ ಫೆಲೋಗಳಾಗಿ ಆರಿಸಿತು.

ಕೊನೆಯ ಎರಡು ಮೂರು ಪಾಲು

ಕಿಡ್ನಿಗಳ ಕೆಲಸದ ಲೆಕ್ಕ ನೋಡಿದರೆ ಈ ಹಾರ್ಮೋನಿನ ಸ್ಥಾನ ತಿಳಿಯುತ್ತದೆ. ವಯಸ್ಕರ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿರುವ ಸೋಡಿಯಂ ಸುಮಾರು ಒಂದೂವರೆ ಕಿಲೋ ಅಡುಗೆ ಉಪ್ಪಿಗೆ ಸಮ. ಅಷ್ಟೂ ಮೂತ್ರದಲ್ಲಿ ಹೋದರೆ ಯಾರೂ ಒಂದು ದಿನವೂ ಬದುಕುವುದಿಲ್ಲ. ಆದ್ದರಿಂದ ಸೋಸಿದ ದ್ರವ ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಸಾಗುವಾಗ ಸೋಡಿಯಂ ಮತ್ತೆ ರಕ್ತಕ್ಕೆ ಮರಳುತ್ತದೆ. ನಳಿಕೆಯ ಮೊದಲ ಭಾಗದಲ್ಲೇ ಸುಮಾರು ಮೂರರಲ್ಲಿ ಎರಡು ಪಾಲು, ನಂತರದ ತಿರುವಿನಲ್ಲಿ ಸುಮಾರು ಕಾಲು ಪಾಲು ವಾಪಸಾಗುತ್ತದೆ. ಉಳಿದ ಸ್ವಲ್ಪ ಕೊನೆಯ ಭಾಗಕ್ಕೆ ಬರುತ್ತದೆ. ಅಲ್ಲಿ ಆಲ್ಡೋಸ್ಟೆರೋನಿನ ಅಧಿಕಾರ.

ಅದರ ಹಿಡಿತದಲ್ಲಿರುವುದು ಸೋಸಿದ ಸೋಡಿಯಂನಲ್ಲಿ ನೂರಕ್ಕೆ ಎರಡೋ ಮೂರೋ ಪಾಲು. ಕೇಳಲು ಅಲ್ಪ. ಆದರೆ ಒಂದೂವರೆ ಕಿಲೋದಲ್ಲಿ ಎರಡು ಪಾಲೆಂದರೆ 30 ಗ್ರಾಂ ಉಪ್ಪು, ನಮ್ಮ ಜನ ದಿನಕ್ಕೆ ತಿನ್ನುವ ಉಪ್ಪಿನ ಮೂರು ನಾಲ್ಕು ಪಟ್ಟು. ಮೊದಲ ಭಾಗಗಳಲ್ಲಿ ಎಷ್ಟೇ ಉಳಿತಾಯವಾದರೂ ಈ ಕೊನೆಯ ಪಾಲು ಸೋರಿದರೆ ಆಸ್ಪತ್ರೆಯಲ್ಲಿ ಆ ಹುಡುಗನಿಗಾದ ಗತಿಯೇ ಆಗುತ್ತದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಕೆರೆ ಎಷ್ಟೇ ದೊಡ್ಡದಿರಲಿ, ಯಾವ ಗದ್ದೆಗೆ ಎಷ್ಟು ನೀರು ಎಂದು ತೀರ್ಮಾನಿಸುತ್ತಿದ್ದವನು ತೂಬಿನ ಬಳಿ ನಿಂತ ನೀರಗಂಟಿ. ಆಲ್ಡೋಸ್ಟೆರೋನ್ ದೇಹದ ಉಪ್ಪಿಗೆ ಅಂಥ ನೀರಗಂಟಿ.

ಈ ಕೆಲಸಕ್ಕೆ ಗ್ರಂಥಿಯ ಹೊರಪದರ ದಿನಕ್ಕೆ ತಯಾರಿಸುವ ಹಾರ್ಮೋನು ಸುಮಾರು 100ರಿಂದ 150 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂ ಆಲ್ಡೋಸ್ಟೆರೋನ್ ಒಬ್ಬ ಮನುಷ್ಯನಿಗೆ ಇಪ್ಪತ್ತು ವರ್ಷದ ಸುಮಾರಿಗೆ ಸಾಲುತ್ತದೆ.

ಜೀವಕೋಶದ ಒಳಗೆ

ಇಷ್ಟು ಕಡಿಮೆ ವಸ್ತು ಇಷ್ಟು ಉಪ್ಪನ್ನು ಹೇಗೆ ಆಳುತ್ತದೆ? ಇದರ ಗುಟ್ಟು ಬಿಡಿಸಲು ಕಪ್ಪೆಗಳೂ ಏಡಿಗಳೂ ನೆರವಾದವು. ಕೋಪನ್‌ಹೇಗನ್‌ನ ಹ್ಯಾನ್ಸ್ ಉಸಿಂಗ್ 1951ರ ಸುಮಾರಿಗೆ ಕಪ್ಪೆಯ ಚರ್ಮದ ತುಣುಕನ್ನು ಎರಡು ದ್ರಾವಣಗಳ ನಡುವೆ ಬಿಗಿದು, ಸೋಡಿಯಂ ಒಂದೇ ದಿಕ್ಕಿಗೆ, ಹೊರಗಿನಿಂದ ಒಳಕ್ಕೆ, ಸಾಗುವುದನ್ನು ತೋರಿಸಿದರು. ಡೆನ್ಮಾರ್ಕಿನವರೇ ಆದ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಈ ಸಾಗಾಟದ ಹಿಂದಿನ ಯಂತ್ರವನ್ನು ಪತ್ತೆ ಮಾಡಿದರು. ಅದೇ ಸೋಡಿಯಂ–ಪೊಟ್ಯಾಸಿಯಂ ಪಂಪ್. ಒಂದು ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಜೀವಕೋಶದಿಂದ ಹೊರತಳ್ಳಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಅದು ಒಳಗೆಳೆದುಕೊಳ್ಳುತ್ತದೆ. ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು.

ನಂತರ ಬಂದದ್ದು ನೆಲಗಪ್ಪೆಯ ಮೂತ್ರಕೋಶ. ಅದಕ್ಕೆ ಆಲ್ಡೋಸ್ಟೆರೋನ್ ಹನಿಸಿದರೆ ಸೋಡಿಯಂ ಸಾಗಾಟ ಹೆಚ್ಚುತ್ತದೆ ಎಂದು ಜಾನ್ ಕ್ರಾಬೆ 1961ರಲ್ಲಿ ತೋರಿಸಿದರು. ಆದರೆ ಪರಿಣಾಮ ಕೂಡಲೇ ಕಾಣುತ್ತಿರಲಿಲ್ಲ, ಒಂದು ತಾಸಿನಷ್ಟು ತಡವಾಗುತ್ತಿತ್ತು. ಆ ತಡವೇ ದೊಡ್ಡ ಸುಳಿವಾಯಿತು. 1963ರಲ್ಲಿ ಇಸಿಡೋರ್ ಎಡೆಲ್ಮನ್ ಮತ್ತು ಸಂಗಡಿಗರು ಜೀವಕೋಶದಲ್ಲಿ ಹೊಸ ಪ್ರೋಟೀನು ತಯಾರಾಗದಂತೆ ತಡೆದಾಗ ಹಾರ್ಮೋನಿನ ಪರಿಣಾಮವೂ ನಿಂತಿತು. ಆಲ್ಡೋಸ್ಟೆರೋನ್ ನೇರವಾಗಿ ಸೋಡಿಯಂ ಅನ್ನು ಮುಟ್ಟುವುದೇ ಇಲ್ಲ, ಅದು ಜೀನುಗಳಿಗೆ ಆದೇಶ ಕೊಡುತ್ತದೆ ಎಂಬುದು ಹೀಗೆ ಬೆಳಕಿಗೆ ಬಂತು.

ಈಗ ಚಿತ್ರ ಬಹುಮಟ್ಟಿಗೆ ಸ್ಪಷ್ಟ. ಆಲ್ಡೋಸ್ಟೆರೋನ್ ಕೊಲೆಸ್ಟರಾಲಿನಿಂದ ತಯಾರಾಗುವ ಸ್ಟಿರಾಯ್ಡ್. ಕೊಬ್ಬಿನಲ್ಲಿ ಕರಗುವುದರಿಂದ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಳಗೆ ಅದಕ್ಕೆಂದೇ ಇರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ಕೋಶಕೇಂದ್ರ ಸೇರಿ ಕೆಲವು ಜೀನುಗಳನ್ನು ಚುರುಕುಗೊಳಿಸುತ್ತದೆ. ನಳಿಕೆಯ ಒಳಮೈಯಲ್ಲಿ ಸೋಡಿಯಂ ನುಗ್ಗಲೆಂದೇ ‘ಇನ್ಯಾಕ್’ ಎಂಬ ಚಾನೆಲ್‌ಗಳಿವೆ. ಇವನ್ನು ಜೀವಕೋಶ ಆಗಾಗ ಒಳಗೆಳೆದು ನಾಶ ಮಾಡುತ್ತಿರುತ್ತದೆ. ಹಾರ್ಮೋನಿನ ಆದೇಶದಿಂದ ಹುಟ್ಟುವ ಒಂದು ಪ್ರೋಟೀನು ಈ ನಾಶವನ್ನು ತಡೆಯುತ್ತದೆ. ಚಾನೆಲ್‌ಗಳು ಹೆಚ್ಚು ಹೊತ್ತು ಉಳಿದಷ್ಟೂ ಹೆಚ್ಚು ಸೋಡಿಯಂ ಒಳಬರುತ್ತದೆ. ಜೀವಕೋಶದ ಇನ್ನೊಂದು ಪಕ್ಕದಲ್ಲಿರುವ ಪಂಪ್ ಅದನ್ನು ರಕ್ತದ ಕಡೆಗೆ ತಳ್ಳುತ್ತದೆ, ಬೆನ್ನಲ್ಲೇ ನೀರೂ ಹೋಗುತ್ತದೆ. ಈ ವ್ಯವಹಾರದಲ್ಲಿ ಪೊಟ್ಯಾಸಿಯಂ ಮೂತ್ರಕ್ಕೆ ಸೇರುತ್ತದೆ. ಸೋಡಿಯಂ ಉಳಿಯುವುದೂ ಪೊಟ್ಯಾಸಿಯಂ ಕಳೆಯುವುದೂ ಜೊತೆಜೊತೆಗೇ ನಡೆಯುತ್ತವೆ. ಮುಂದಿನ ಎಲ್ಲ ರೋಗಗಳ ಕಥೆಯಲ್ಲೂ ಈ ಜೋಡಿ ಕಾಣಿಸಿಕೊಳ್ಳುತ್ತದೆ.

ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿ, ದೊಡ್ಡ ಕರುಳು ಇಲ್ಲೆಲ್ಲ ಇದೇ ಏರ್ಪಾಡು ಇದೆ. ಬಿಸಿಲಿಗೆ ಹೊಸದಾಗಿ ಇಳಿದವರ ಬೆವರು ಹೆಚ್ಚು ಉಪ್ಪಾಗಿರುತ್ತದೆ. ಕೆಲವು ದಿನ ದುಡಿದ ಮೇಲೆ ಅದೇ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ.

ಯಾವಾಗ ಎಷ್ಟು ಆಲ್ಡೋಸ್ಟೆರೋನ್ ಬೇಕು ಎಂಬ ಸೂಚನೆ ಹೊರಡುವುದೂ ಕಿಡ್ನಿಯಿಂದಲೇ. ರಕ್ತದೊತ್ತಡ ತಗ್ಗಿದರೆ, ಉಪ್ಪು ಕಡಿಮೆಯಾದರೆ ಕಿಡ್ನಿ ‘ರೆನಿನ್’ ಬಿಡುತ್ತದೆ. ಅದು ರಕ್ತದಲ್ಲಿ ‘ಆಂಜಿಯೋಟೆನ್ಸಿನ್’ ಹುಟ್ಟುವಂತೆ ಮಾಡುತ್ತದೆ, ಆಂಜಿಯೋಟೆನ್ಸಿನ್ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರೋನ್ ಹೊರಡಿಸುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೂ ಗ್ರಂಥಿ ನೇರವಾಗಿ ಪ್ರತಿಕ್ರಿಯಿಸುತ್ತದೆ. ಉಪ್ಪು ಹೆಚ್ಚಾದಾಗ ರೆನಿನ್ ಇಳಿಯುತ್ತದೆ, ಅದರ ಹಿಂದೆ ಆಲ್ಡೋಸ್ಟೆರೋನೂ ಇಳಿಯುತ್ತದೆ.

ಉಪ್ಪಿಲ್ಲದ ನಾಡಿನ ಜನ

ಸಸ್ಯಗಳಲ್ಲಿ ಸೋಡಿಯಂ ಬಹಳ ಕಡಿಮೆ. ನಮ್ಮ ರೈತರು ದನಗಳ ಬೂಸಾ ಹಿಂಡಿಗೆ ಉಪ್ಪು ಬೆರೆಸುವುದು ಈ ಕಾರಣಕ್ಕೇ. ಆಸ್ಟ್ರೇಲಿಯಾದ ಡೆರೆಕ್ ಡೆಂಟನ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಕಾಡಿನಲ್ಲೇ ತೋರಿಸಿತು. ಸಮುದ್ರದಿಂದ ದೂರವಿರುವ, ಮಣ್ಣಿನಲ್ಲಿ ಸೋಡಿಯಂ ತೀರಾ ಕಡಿಮೆಯಿರುವ ಬೆಟ್ಟಪ್ರದೇಶದ ಮೊಲಗಳಲ್ಲೂ ಕಾಂಗರೂಗಳಲ್ಲೂ ಆಲ್ಡೋಸ್ಟೆರೋನ್ ತಯಾರಿಸುವ ಪದರ ಹಿಗ್ಗಿ ಬೆಳೆದಿತ್ತು. ಉಪ್ಪಿನಲ್ಲಿ ನೆನೆಸಿದ ಮರದ ಗೂಟಗಳನ್ನು ನೆಲಕ್ಕೆ ಹೊಡೆದಾಗ ಮೊಲಗಳು ಅವನ್ನು ಕಡಿದು ತಿಂದವು.

ಮನುಷ್ಯರಲ್ಲೂ ಇಂಥ ಸಾಕ್ಷಿ ಇದೆ. ಅಮೆಜಾನ್ ಕಾಡಿನ ಯಾನೊಮಾಮಿ ಜನ ಅಡುಗೆಗೆ ಉಪ್ಪು ಬಳಸುವುದಿಲ್ಲ. 1975ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಮೂತ್ರದಲ್ಲಿ ಸೋಡಿಯಂ ಅಳತೆಗೆ ಸಿಗುವುದೇ ಕಷ್ಟವೆನ್ನುವಷ್ಟು ಕಡಿಮೆಯಿತ್ತು, ಆಲ್ಡೋಸ್ಟೆರೋನ್ ಮಟ್ಟ ಬಹಳ ಎತ್ತರದಲ್ಲಿತ್ತು. ಮುಂದೆ 1988ರ ‘ಇಂಟರ್‌ಸಾಲ್ಟ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಇವರ ಸರಾಸರಿ ರಕ್ತದೊತ್ತಡ 95/61 ಎಂದು ದಾಖಲಾಯಿತು. ವಯಸ್ಸಾದಂತೆ ಬಿಪಿ ಏರುವುದು ಅವರಲ್ಲಿ ಕಂಡುಬರಲಿಲ್ಲ.

ಮನುಷ್ಯನ ಉಪ್ಪಿನ ವ್ಯವಸ್ಥೆ ರೂಪುಗೊಂಡದ್ದು ಇಂಥ ಕೊರತೆಯ ಕಾಲದಲ್ಲಿ. ಉಪ್ಪನ್ನು ಉಳಿಸುವುದರಲ್ಲಿ ಅದು ಬಹು ಗಟ್ಟಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಭಾರತೀಯರ ಊಟದಲ್ಲಿ 8 ಗ್ರಾಂ, ಕೆಲವು ಅಂದಾಜುಗಳಲ್ಲಿ ಅದಕ್ಕೂ ಹೆಚ್ಚು ಸೇರುತ್ತಿದೆ. ಇಷ್ಟು ಉಪ್ಪು ತಿಂದಾಗ ಆಲ್ಡೋಸ್ಟೆರೋನ್ ತಗ್ಗಲೇಬೇಕು. ತಗ್ಗದಿದ್ದರೆ?

ಮಿಷಿಗನ್ನಿನ ಮಹಿಳೆ

1954ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ ಅವರ ಬಳಿಗೆ 34 ವರ್ಷದ ಮಹಿಳೆಯೊಬ್ಬರು ಬಂದರು. ಏಳು ವರ್ಷಗಳಿಂದ ಅವರಿಗೆ ಆಗಾಗ ಕೈ ಸೆಟೆದುಕೊಳ್ಳುತ್ತಿತ್ತು, ಕಾಲುಗಳು ಸೋತು ನಡೆಯಲಾಗದಂತಾಗುತ್ತಿತ್ತು. ಬಿಪಿ 176/104. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಕಾನ್, ಸೈನಿಕರು ಸೆಕೆಯ ನಾಡುಗಳಿಗೆ ಹೇಗೆ ಒಗ್ಗಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿದ್ದರು. ಒಗ್ಗಿದ ಮೈಯ ಬೆವರಿನಲ್ಲಿ ಉಪ್ಪು ತಗ್ಗುವುದು, ಅದರ ಹಿಂದೆ ಅಡ್ರಿನಲ್ ಗ್ರಂಥಿ ಇರುವುದು ಅವರಿಗೆ ಗೊತ್ತಿತ್ತು. ಈ ಮಹಿಳೆಯ ಬೆವರಿನಲ್ಲೂ ಸೋಡಿಯಂ ಬಹಳ ಕಡಿಮೆಯಿತ್ತು. ಆಗಷ್ಟೇ ಬೆಳಕಿಗೆ ಬಂದಿದ್ದ ಆಲ್ಡೋಸ್ಟೆರೋನ್ ಇಲ್ಲಿ ಅತಿಯಾಗಿದೆ ಎಂದು ಅವರು ತರ್ಕಿಸಿದರು. ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಒಂದು ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತು. ಅದನ್ನು ತೆಗೆದ ಮೇಲೆ ಪೊಟ್ಯಾಸಿಯಂ ಸರಿಹೋಯಿತು, ಬಿಪಿ ಇಳಿಯಿತು, ಮಹಿಳೆ ಗುಣಮುಖರಾದರು. ‘ಕಾನ್ ಸಿಂಡ್ರೋಮ್’ ಎಂಬ ಹೆಸರು ಬಂದದ್ದು ಹೀಗೆ.

ಬಹಳ ಕಾಲ ವೈದ್ಯರು ಇದನ್ನು ಅಪರೂಪದ ರೋಗವೆಂದೇ ತಿಳಿದಿದ್ದರು. ಪೊಟ್ಯಾಸಿಯಂ ಇಳಿದಿರಲೇಬೇಕು ಎಂಬ ನಂಬಿಕೆ ಅದಕ್ಕೆ ಕಾರಣ. ರೋಗಿಗಳಲ್ಲಿ ಹೆಚ್ಚಿನವರ ಪೊಟ್ಯಾಸಿಯಂ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ ಎಂದು ಈಗ ತಿಳಿದಿದೆ. ಬಿಪಿ ಇರುವವರಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ, ಹಲವು ಮಾತ್ರೆಗಳಿಗೂ ಬಗ್ಗದ ಬಿಪಿ ಇರುವವರಲ್ಲಿ ಐವರಲ್ಲಿ ಒಬ್ಬರ ಸುಮಾರಿಗೆ ಈ ತೊಂದರೆ ಇರಬಹುದೆಂದು ಅಧ್ಯಯನಗಳು ಹೇಳುತ್ತವೆ. ಬಿಪಿ ಏರುವುದಷ್ಟೇ ಇಲ್ಲಿ ಅಪಾಯವಲ್ಲ. ಅತಿಯಾದ ಆಲ್ಡೋಸ್ಟೆರೋನ್ ಹೃದಯ ಮತ್ತು ಕಿಡ್ನಿಗಳ ಅಂಗಾಂಶವನ್ನೇ ಗಡಸಾಗಿಸುತ್ತದೆ.

ಹಾರ್ಮೋನಿಗೆ ಅಡ್ಡ ನಿಲ್ಲುವ ಔಷಧಗಳೂ ಇವೆ. ‘ಸ್ಪೈರನೋಲ್ಯಾಕ್ಟೋನ್’ ಆಲ್ಡೋಸ್ಟೆರೋನಿನ ಗ್ರಾಹಕಕ್ಕೆ ತಾನೇ ಅಂಟಿಕೊಂಡು ಅದರ ಜಾಗ ಹಿಡಿಯುತ್ತದೆ. 1999ರಲ್ಲಿ ಪ್ರಕಟವಾದ ‘ರೇಲ್ಸ್’ ಅಧ್ಯಯನದಲ್ಲಿ ತೀವ್ರ ಹೃದಯ ವೈಫಲ್ಯದ ರೋಗಿಗಳ ಸಾವು ಈ ಮಾತ್ರೆಯಿಂದ ನೂರಕ್ಕೆ ಮೂವತ್ತರಷ್ಟು ತಗ್ಗಿತು. 2015ರ ‘ಪಾಥ್‌ವೇ-2’ ಅಧ್ಯಯನದಲ್ಲಿ ಮೂರು ಔಷಧಗಳಿಗೂ ಬಗ್ಗದ ಬಿಪಿಗೆ ನಾಲ್ಕನೆಯದಾಗಿ ಇದೇ ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂತು. ಇದು ಹಳೆಯ, ಅಗ್ಗದ ಮಾತ್ರೆ.

ಜ್ಯೇಷ್ಠಮಧುವಿನ ಪಾಠ

ಅಡ್ರಿನಲ್ ಗ್ರಂಥಿಯಿಂದ ಬರುವ ಇನ್ನೊಂದು ಸ್ಟಿರಾಯ್ಡ್ ಕಾರ್ಟಿಸಾಲ್. ಒತ್ತಡದ ಹೊತ್ತಿನಲ್ಲಿ ದೇಹವನ್ನು ನಿಭಾಯಿಸುವುದು ಇದರ ಕೆಲಸ. ರಕ್ತದಲ್ಲಿ ಆಲ್ಡೋಸ್ಟೆರೋನಿಗಿಂತ ನೂರಾರು ಪಟ್ಟು ಹೆಚ್ಚಿರುವ ಕಾರ್ಟಿಸಾಲ್, ಆಲ್ಡೋಸ್ಟೆರೋನಿನ ಗ್ರಾಹಕಕ್ಕೂ ಅಷ್ಟೇ ಚೆನ್ನಾಗಿ ಅಂಟಬಲ್ಲದು. ಹಾಗಾದರೆ ಕಿಡ್ನಿಯಲ್ಲಿ ಕಾರ್ಟಿಸಾಲೇ ಸೋಡಿಯಂ ಅನ್ನು ಏಕೆ ಆಳುವುದಿಲ್ಲ? ಆ ಜೀವಕೋಶಗಳಲ್ಲಿರುವ ಒಂದು ಕಿಣ್ವ ಕಾರ್ಟಿಸಾಲನ್ನು ನಿಷ್ಕ್ರಿಯ ರೂಪಕ್ಕೆ ತಿರುಗಿಸಿಬಿಡುತ್ತದೆ ಎಂಬುದು 1988ರ ಸುಮಾರಿಗೆ ತಿಳಿಯಿತು.

ಇದಕ್ಕೂ ಬಹಳ ಹಿಂದೆ, 1946ರಲ್ಲಿ, ನೆದರ್ಲೆಂಡ್ಸಿನ ವೈದ್ಯ ರೆವರ್ಸ್ ಹೊಟ್ಟೆಹುಣ್ಣಿಗೆ ಜ್ಯೇಷ್ಠಮಧುವಿನ ರಸ ಕೊಟ್ಟಾಗ ಕೆಲವು ರೋಗಿಗಳ ಮುಖ ಕೈಕಾಲು ಊದಿಕೊಂಡದ್ದನ್ನು ದಾಖಲಿಸಿದ್ದರು. ಜ್ಯೇಷ್ಠಮಧುವಿನ ಸಿಹಿ ಅಂಶವಾದ ‘ಗ್ಲಿಸಿರೈಜಿನ್’ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್ ನುಗ್ಗಿ ಸೋಡಿಯಂ ಉಳಿಸುತ್ತದೆ, ಪೊಟ್ಯಾಸಿಯಂ ಕಳೆಯುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ವಾರಗಟ್ಟಲೆ ದಿನವೂ ಜ್ಯೇಷ್ಠಮಧುವಿನ ಮಿಠಾಯಿ ತಿನ್ನುತ್ತಿದ್ದ 54 ವರ್ಷದ ಕಟ್ಟಡ ಕಾರ್ಮಿಕರೊಬ್ಬರು ಪೊಟ್ಯಾಸಿಯಂ ಕುಸಿದು, ಹೃದಯ ನಿಂತು ಮೃತಪಟ್ಟ ಪ್ರಕರಣ 2020ರಲ್ಲಿ ವರದಿಯಾಯಿತು. ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಸಿಗುವ ಜ್ಯೇಷ್ಠಮಧು ಅದೇ ಬೇರು. ಕೆಮ್ಮು ಬಂದಾಗ ಒಂದೆರಡು ದಿನ ಕಷಾಯ ಕುಡಿಯುವುದು ಬೇರೆ, ಬಿಪಿ ಅಥವಾ ಹೃದಯದ ತೊಂದರೆ ಇರುವವರು ತಿಂಗಳುಗಟ್ಟಲೆ ಸೇವಿಸುವುದು ಬೇರೆ.

ಈಗ ಮಾಡಬಹುದಾದದ್ದು

ಬಾಲ್ಟಿಮೋರಿನ ಹುಡುಗನಿಗಿದ್ದ ಲಕ್ಷಣಗಳು ಹುಟ್ಟಿನಿಂದಲೇ ಬರುವ ಅಡ್ರಿನಲ್ ದೋಷವೊಂದಕ್ಕೆ ಹೊಂದುತ್ತವೆ. ಅದರಲ್ಲಿ ಒಂದು ಕಿಣ್ವ ಕೆಲಸ ಮಾಡದೆ ಆಲ್ಡೋಸ್ಟೆರೋನ್ ಮತ್ತು ಕಾರ್ಟಿಸಾಲ್ ಎರಡೂ ಕಡಿಮೆಯಾಗುತ್ತವೆ, ಪುರುಷ ಹಾರ್ಮೋನು ಹೆಚ್ಚುತ್ತದೆ. ತೀವ್ರ ರೂಪದಲ್ಲಿ ಹುಟ್ಟಿದ ಒಂದರಿಂದ ಮೂರು ವಾರದೊಳಗೆ ಕೂಸು ವಾಂತಿ ಮಾಡುತ್ತಾ, ತೂಕ ಇಳಿಯುತ್ತಾ ಸೊರಗುತ್ತದೆ. ವಾಂತಿಭೇದಿ ಎಂದು ತಪ್ಪು ತಿಳಿಯುವುದೂ ಉಂಟು. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನು ಬಂದಾಗ ಮಾತ್ರ ಈ ಕಾಯಿಲೆ ಬರುವುದರಿಂದ, ಸೋದರಮಾವ, ಅತ್ತೆಮಗ ಮುಂತಾದ ರಕ್ತಸಂಬಂಧದಲ್ಲಿ ಮದುವೆ ನಡೆಯುವ ನಮ್ಮ ಸೀಮೆಯಲ್ಲಿ ಇದರ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಹುಟ್ಟಿದ ಕೆಲವು ದಿನಗಳಲ್ಲಿ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ದೋಷ ಪತ್ತೆಯಾಗುತ್ತದೆ. ಭಾರತದಲ್ಲಿ ಈ ಪರೀಕ್ಷೆ ಎಲ್ಲ ಕೂಸುಗಳಿಗೂ ಇನ್ನೂ ತಲುಪಿಲ್ಲ, ತಲುಪಲೇಬೇಕು. ಚಿಕಿತ್ಸೆ ದುರ್ಲಭವೇನಲ್ಲ: ಹೈಡ್ರೋಕಾರ್ಟಿಸೋನ್, ಆಲ್ಡೋಸ್ಟೆರೋನಿನ ಬದಲಿಗೆ ‘ಫ್ಲುಡ್ರೋಕಾರ್ಟಿಸೋನ್’, ಎಳೆಗೂಸಿಗೆ ಸ್ವಲ್ಪ ಉಪ್ಪು. ಅಡಿಸನ್ ಕಾಯಿಲೆಯ ವಯಸ್ಕರೂ ಇವೇ ಎರಡು ಔಷಧಗಳ ಮೇಲೆ ಸಾಮಾನ್ಯ ಜೀವನ ನಡೆಸುತ್ತಾರೆ. ವೈದ್ಯರನ್ನು ಕೇಳದೆ ಒಂದು ದಿನವೂ ಅವನ್ನು ನಿಲ್ಲಿಸಬಾರದು.

ಬಿಪಿ ಇರುವವರ ವಿಷಯಕ್ಕೆ ಬಂದರೆ, ಆಲ್ಡೋಸ್ಟೆರೋನ್ ಮತ್ತು ರೆನಿನ್ ಎರಡನ್ನೂ ಅಳೆದು ಅವುಗಳ ಅನುಪಾತ ನೋಡುವ ರಕ್ತಪರೀಕ್ಷೆ ಇದೆ. ರೆನಿನ್ ತಗ್ಗಿದ್ದರೂ ಆಲ್ಡೋಸ್ಟೆರೋನ್ ತಗ್ಗದಿದ್ದರೆ ಗ್ರಂಥಿ ತನ್ನ ಪಾಡಿಗೆ ತಾನು ಹಾರ್ಮೋನು ಸುರಿಸುತ್ತಿದೆ ಎಂದರ್ಥ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2025ರ ಮಾರ್ಗಸೂಚಿಯಲ್ಲಿ ಬಿಪಿ ಇರುವ ಎಲ್ಲರಿಗೂ ಈ ತಪಾಸಣೆ ನಡೆಯಲಿ ಎಂದು ಸಲಹೆ ಮಾಡಿದೆ. ಅಷ್ಟು ದೂರ ಹೋಗಲಾಗದಿದ್ದರೂ ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯದವರು, ಚಿಕ್ಕ ವಯಸ್ಸಿನಲ್ಲೇ ಬಿಪಿ ಬಂದವರು, ಪೊಟ್ಯಾಸಿಯಂ ಕಡಿಮೆಯಿರುವವರು ತಮ್ಮ ವೈದ್ಯರನ್ನು ಈ ಪರೀಕ್ಷೆಯ ಬಗ್ಗೆ ಕೇಳಲಿ. ಬಿಪಿ ಮಾತ್ರೆಗಳಲ್ಲಿ ಹಲವು ಇದರ ಫಲಿತಾಂಶವನ್ನು ಏರುಪೇರು ಮಾಡುತ್ತವೆ. ಯಾವುದನ್ನು ಬದಲಿಸಬೇಕು ಎಂಬ ತೀರ್ಮಾನ ವೈದ್ಯರದ್ದೇ. ಸ್ಪೈರನೋಲ್ಯಾಕ್ಟೋನ್ ತೆಗೆದುಕೊಳ್ಳುವವರು ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪನ್ನು ಕೇಳದೆ ಬಳಸಬಾರದು, ಏಕೆಂದರೆ ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮಿಕ್ಕವರೆಲ್ಲ ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಗಳನ್ನು ಲೆಕ್ಕಕ್ಕೆ ಹಿಡಿದು ದಿನಕ್ಕೆ ಒಂದು ಸಣ್ಣ ಚಮಚದೊಳಗೆ ಉಪ್ಪನ್ನು ನಿಲ್ಲಿಸಲಿ, ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿಕೊಳ್ಳಲಿ.